ಬರಿಗಾಲಿನ ಮೈಸೂರು

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಹೆಬ್ಬಾಳೆ ಎಂಬಲ್ಲಿ ಭದ್ರಾನದಿಯನ್ನು ದಾಟಬೇಕು. ಆಷಾಢದ ಮಳೆ ನಾಲ್ಕು ದಿನ ಬಿಡದೆ ಹಿಡಿಯಿತೆಂದರೆ ಹೊಳೆ ಅಲ್ಲಿಯ ತಗ್ಗು ಸೇತುವೆಯ ಮೇಲೇರಿ ಹರಿಯುವುದು ಮಲೆನಾಡಿಗರಿಗೆ ಹೊಸ ಸಂಗತಿಯಲ್ಲ. ಎಷ್ಟೋ ಮಳೆಗಾಲಗಳಲ್ಲಿ ಅನ್ನಪೂರ್ಣೇಶ್ವರಿಯ ದರ್ಶನಕ್ಕೆಂದು ಹೊರಟವರು ಈಚೆಯ ದಡದಲ್ಲಿಯೇ ಕೈಮುಗಿದು ಹಿಂದಿರುಗಿದ್ದಾರೆ. ಹೊರಗೆ ಹೆಜ್ಜೆಯಿಡಲು ದೊಡ್ಡವರು ಹಿಂದೆ ಮುಂದೆ ನೋಡುವ ಇಂಥ ದಿನಗಳಲ್ಲಿಯೇ ಹುಡುಗರಿಗೆ ಕಾಲ್ಚೆಂಡಿನ ಹುಚ್ಚು ಕೆರಳುತ್ತದೆ. ಶಾಲೆಯ ಅಂಗಳದಲ್ಲಿ ಮೊಣಕಾಲುದ್ದ ಕೆಸರು. ಚೆಂಡು ಯಾವುದು, ಮಣ್ಣಿನ ಮುದ್ದೆ ಯಾವುದು ಎಂದು ತಿಳಿಯದ ಸ್ಥಿತಿ. ಆದರೂ ಆಟ ನಿಲ್ಲದು.

ಹೀಗಿದ್ದೂ ಮೂಡಿಗೆರೆ, ಕಳಸ, ಕೊಪ್ಪಗಳ ಕಡೆಯ ಯಾವನೇ ತರುಣನನ್ನು ನಿಲ್ಲಿಸಿ ನಿಮ್ಮೂರಿನ ಆಟ ಯಾವುದೆಂದು ಕೇಳಿದರೆ ಅವನು ವಾಲಿಬಾಲ್ ಎಂದಾನು, ಕಬಡ್ಡಿ ಎಂದಾನು. ಫುಟ್‌ಬಾಲ್ ಎನ್ನುವುದು ಕಡಮೆ. ಇದಕ್ಕೆ ಕಾರಣ ಉತ್ಸಾಹದ ಕೊರತೆಯಲ್ಲ, ನೆಲದ ಗಣಿತ. ವಾಲಿಬಾಲಿನ ಅಂಕಣಕ್ಕೆ ಹದಿನೆಂಟು ಮೀಟರು ಉದ್ದ, ಒಂಬತ್ತು ಮೀಟರು ಅಗಲ ಸಾಕು. ತೋಟದವರು ಕಾಫಿ ಒಣಗಿಸುವ ಕಣದಲ್ಲಿ ಎರಡು ಗಳುಗಳನ್ನು ನೆಟ್ಟು, ಬಲೆ ಕಟ್ಟಿ, ಒಂದು ದೀಪ ತೂಗುಹಾಕಿದರೆ ರಾತ್ರಿಯೆಲ್ಲ ಪಂದ್ಯ ನಡೆದೀತು. ಪೂರ್ಣ ಪ್ರಮಾಣದ ಕಾಲ್ಚೆಂಡಿನ ಮೈದಾನವೆಂದರೆ ನೂರೈದು ಮೀಟರು ಉದ್ದ, ಅರವತ್ತೆಂಟು ಮೀಟರು ಅಗಲ. ಅಂದರೆ ಒಂದು ಮುಕ್ಕಾಲು ಎಕರೆ, ಅದೂ ಅಂಗೈಯಂತೆ ಸಮತಟ್ಟಾಗಿರಬೇಕು. ಅರಾಬಿಕಾ ಗಿಡವನ್ನು ಆರಡಿಗೊಂದರಂತೆ ನೆಟ್ಟರೆ ಅಷ್ಟೇ ಜಾಗದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಗಿಡಗಳು ನಿಲ್ಲುತ್ತವೆ. ಗುಡ್ಡದ ಬದಿಯಲ್ಲಿ ಅಷ್ಟು ನೆಲವನ್ನು ಕಡಿದು ಮಟ್ಟಮಾಡಿ, ಫಸಲನ್ನು ಬಿಟ್ಟುಕೊಟ್ಟು, ಇಪ್ಪತ್ತೆರಡು ಹುಡುಗರು ಓಡಾಡಲೆಂದು ಕೊಡುವ ಧಾರಾಳತನವನ್ನು ಯಾವ ತೋಟಗಾರನಿಂದ ತಾನೆ ನಿರೀಕ್ಷಿಸಲಾದೀತು?

ಇಲ್ಲಿಗೆ ಮೊದಲು ಬಂದ ಬಿಳಿಯ ತೋಟಗಾರರಿಗೂ ಆ ಯೋಚನೆ ಬಂದಂತೆ ಕಾಣುವುದಿಲ್ಲ. ಮೈಸೂರು ಸೀಮೆಯ ಕಾಫಿ ತೋಟಗಳ ವಿಷಯವಾಗಿ ರಾಬರ್ಟ್ ಎಲಿಯಟ್ ಎಂಬಾತ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಕ್ರೀಡೆ, ಕಾಫಿ ಮೂರೂ ಸೇರಿವೆ. ಆದರೆ ಆತನ ಭಾಷೆಯಲ್ಲಿ ಕ್ರೀಡೆಯೆಂದರೆ ಹುಲಿಯ ಬೇಟೆ, ಕಾಟಿಯ ಬೇಟೆ. ಆ ಕ್ರೀಡೆಯಲ್ಲಿ ಎದುರು ಪಕ್ಷದವರು ಒಪ್ಪಿ ಆಡಲಿಳಿದವರಲ್ಲವೆಂಬುದು ಬೇರೆ ಮಾತು.

ಆದುದರಿಂದ ಕನ್ನಡನಾಡಿನಲ್ಲಿ ಕಾಲ್ಚೆಂಡಿನ ಚರಿತ್ರೆಯನ್ನು ಹುಡುಕುವವನು ಘಟ್ಟವನ್ನಿಳಿದು ಬಯಲುಸೀಮೆಗೆ, ಬೆಂಗಳೂರಿನ ದಂಡಿಗೆ ಹೋಗಬೇಕಾಗುತ್ತದೆ. 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಆಂಗ್ಲರ ದಂಡು ನೆಲೆಯೂರಿದಾಗ ಅದಕ್ಕೆ ಮೊದಲು ಬೇಕಾದುದು ಕವಾಯತಿನ ಬಯಲು. ಬೆಳಗ್ಗೆ ಸಿಪಾಯಿಗಳು ಹೆಜ್ಜೆ ಹಾಕಿದ ಬಯಲಿನಲ್ಲಿಯೇ ಮುಂದೆ ಸಂಜೆಯ ಹೊತ್ತು ಗೋರಾ ಪಲ್ಟನ್ನುಗಳವರು ಚೆಂಡನ್ನೊದ್ದರು. ಅಂಚಿನಲ್ಲಿ ನಿಂತು ನೋಡಿದವರು ದಂಡನ್ನು ನಂಬಿ ಬಂದು ನೆಲಸಿದ ಬಡವರ ಮಕ್ಕಳು: ಅಡಿಗೆಯವರು, ಅಗಸರು, ಕುದುರೆ ನೋಡಿಕೊಳ್ಳುವವರು, ಬೂಟು ಹೊಲಿಯುವವರು, ಗಾರೆ ಕೆಲಸದವರು ಇವರ ಮಕ್ಕಳು. ಅವರ ಮನೆಮಾತು ತಮಿಳು, ಉರ್ದು, ತೆಲುಗು, ಅಲ್ಲೊಂದು ಇಲ್ಲೊಂದು ಕನ್ನಡ. ಅಂಚಿನಿಂದಾಚೆ ಬಿದ್ದ ಚೆಂಡನ್ನು ಮರಳಿ ಒದೆಯುತ್ತ ಒದೆಯುತ್ತ ಅವರು ಆಟವನ್ನು ಕಲಿತರು. ಬೂಟು ಹೊಲಿಯುವವನ ಮಗ ಬರಿಗಾಲಿನಲ್ಲಿ ಆಡಿದನು.

ಬರಿಗಾಲಿನ ಆಟ ಕೇವಲ ಬಡತನದ ಗುರುತೆಂದು ಭಾವಿಸಬೇಕಾಗಿಲ್ಲ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು ಎರಡಕ್ಕೊಂದು ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಾಗ ಆ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವನು ಒಬ್ಬನೇ. ಕಾಲ್ಬೆರಳುಗಳಿಂದ ಚೆಂಡನ್ನು ಹಿಡಿದು, ತಿರುಗಿಸಿ, ಎದುರಾಳಿಯ ದಪ್ಪ ಬೂಟಿನ ಕೆಳಗಿನಿಂದ ನುಸುಳಿಸಿಕೊಂಡು ಹೋಗುವ ಕಲೆ ಒಣನೆಲದಲ್ಲಿ ಒಂದು ಸೊಗಸೇ ಸರಿ. ಮಳೆ ಬಂದು ನೆಲ ಜಾರತೊಡಗಿದಾಗ ಮಾತ್ರ ಬರಿಗಾಲಿನವನ ಪಾಡು ಕೆಡುತ್ತದೆ. ಹೊರನಾಡಿನ ಶಾಲೆಯಂಗಳದ ಹುಡುಗರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ದಂಡಿನ ಬೀದಿಗಳಿಂದ ಎದ್ದ ತಂಡಗಳಲ್ಲಿ ಮೊದಲು ದೇಶಕ್ಕೆಲ್ಲ ಹೆಸರಾದುದು ‘ಬೆಂಗಳೂರು ಮುಸ್ಲಿಮ್ಸ್’. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಪ್ರಾರಂಭವಾದುದು. ನಲವತ್ತು ವರ್ಷಗಳಿಗೂ ಮಿಕ್ಕಿ ಆ ಬಟ್ಟಲು ಒಂದು ಗೋರಾ ಪಲ್ಟನ್ನಿನ ಕೈಯಿಂದ ಮತ್ತೊಂದರ ಕೈಗೆ ಹೋಗುತ್ತಿತ್ತೇ ಹೊರತು ಭಾರತೀಯರ ಕೈಗೆ ಬಂದಿರಲಿಲ್ಲ. 1937ರಲ್ಲಿ ಅದನ್ನು ಗೆದ್ದ ಮೊಟ್ಟಮೊದಲನೆಯ ಭಾರತೀಯ ತಂಡ ಬೆಂಗಳೂರಿನದು. ಅಂತಿಮ ಪಂದ್ಯದಲ್ಲಿ ಸೋತವರು ಆಗ ಕಲ್ಕತ್ತೆಯ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮಹಮಡನ್ ಸ್ಪೋರ್ಟಿಂಗ್‌ನವರು. ಮರುವರ್ಷ, 1938ರಲ್ಲಿ, ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಲ್ಟನ್ನನ್ನು ಸೋಲಿಸಿ ಬೆಂಗಳೂರಿನವರು ಬಟ್ಟಲನ್ನು ಉಳಿಸಿಕೊಂಡರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮತ್ತೊಮ್ಮೆ ಗೆದ್ದರು. ಆಗ ಸೋತವರು ಸಾಕ್ಷಾತ್ ಮೋಹನ್ ಬಾಗಾನ್.

ಇಷ್ಟಾದ ಮೇಲೆ ಕಲ್ಕತ್ತೆಯ ಕಣ್ಣು ಬೆಂಗಳೂರಿನ ಮೇಲೆ ಬೀಳದಿರುತ್ತದೆಯೆ? ನಿಜವಾಗಿ ಅದು ಮೊದಲೇ ಬಿದ್ದಿತ್ತು. 1930ರ ದಶಕದಿಂದಲೇ ಮಹಮಡನ್ ಸ್ಪೋರ್ಟಿಂಗ್ ಮೊದಲಾದ ತಂಡಗಳು ಇಲ್ಲಿಯ ತರುಣರನ್ನು ಕರೆಸಿಕೊಳ್ಳತೊಡಗಿದ್ದವು. ಹೆಸರಿಗೆ ಎಲ್ಲರೂ ಹವ್ಯಾಸಿಗಳು, ಆಡಿದುದಕ್ಕೆ ಸಂಬಳವಿಲ್ಲ. ಆದರೆ ಇರಲು ಜಾಗ, ಊಟ, ಒಂದು ನೌಕರಿಯ ಭರವಸೆ, ಊರಿಗೆ ಕಳುಹಿಸಲು ನಾಲ್ಕು ಕಾಸು, ಇಷ್ಟು ಸಿಕ್ಕಿದರೆ ಗಾರೆ ಕೆಲಸದವನ ಮಗ ಮೂರು ದಿನದ ರೈಲುಪ್ರಯಾಣಕ್ಕೆ ಹಿಂಜರಿಯುವನೆ? ಬೆಂಗಳೂರು ಬೆಳೆಸಿದ ಬೆಳೆಯನ್ನು ಕಲ್ಕತ್ತೆ ಕೊಯ್ದುಕೊಂಡಿತೆಂಬ ದೂರು ಅಂದು ಹುಟ್ಟಿದುದು ಇಂದಿಗೂ ಮುಗಿದಿಲ್ಲ. ದೂರಿನಲ್ಲಿ ಸತ್ಯವುಂಟು. ಆದರೆ ಕೊಯ್ದವನನ್ನು ಮಾತ್ರ ಬೈದು, ಕಣಜವನ್ನೇ ಕಟ್ಟದ ತನ್ನವರನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಹೀಗೆ ಹೋದವರಲ್ಲಿ ಅಗ್ರಗಣ್ಯನಾದವನು ಅಹಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿ, 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದನು. ಆ ತಂಡದ ಮುಂಚೂಣಿಯಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ, ಅಹಮದ್ ಖಾನ್ ಈ ಐವರೂ ಸೇರಿದಾಗ ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಎಂದು ಕರೆದರು. ಐವರಲ್ಲಿ ಒಬ್ಬನಿಗೂ ಬಂಗಾಳಿ ಮನೆಮಾತಲ್ಲ. ದಕ್ಷಿಣದ ಐವರು ಹುಡುಗರಿಗೆ ಮಹಾಭಾರತದ ಬಿರುದನ್ನು ಕೊಟ್ಟು ತಮ್ಮವರೆಂದು ಹೊತ್ತು ಮೆರೆಸಿದ ಆ ಜನರ ರಸಿಕತೆ ಮೆಚ್ಚತಕ್ಕದ್ದು.

ಅತ್ತ ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿ 1941ರಲ್ಲಿ ಪ್ರಾರಂಭವಾಗಿತ್ತು. 1946–47ರ ಸಾಲಿನಲ್ಲಿ ಬೆಂಗಳೂರಿನಲ್ಲಿಯೇ ನಡೆದ ಅಂತಿಮ ಹೋರಾಟದಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿತು. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಬೆಂಗಳೂರಿನ ದಂಡುಪ್ರದೇಶ ಆಗ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿರಲಿಲ್ಲ. ಅದು ಆಂಗ್ಲ ರೆಸಿಡೆಂಟನ ಕೈಯಲ್ಲಿದ್ದು, ಸಂಸ್ಥಾನಕ್ಕೆ ಮರಳಿದುದು 1947ರ ಜುಲೈ ತಿಂಗಳಿನಲ್ಲಿ. ಆದರೆ ದಂಡಿನ ಬೀದಿಗಳಲ್ಲಿ ಬೆಳೆದ ಆಟ ಆ ವೇಳೆಗಾಗಲೇ ಮೈಸೂರಿನ ಹೆಸರನ್ನು ತೊಟ್ಟು ಮೈದಾನಕ್ಕಿಳಿದಿತ್ತು. ಬೀದಿಗಳು ಮೈಸೂರಿನವಾಗುವುದಕ್ಕೆ ಮೊದಲೇ ಆಟ ಮೈಸೂರಿನದಾಯಿತು.

ಆ ಪೀಳಿಗೆಯ ಮತ್ತೊಬ್ಬ ಆಟಗಾರ ಸಾರಂಗಪಾಣಿ ರಾಮನ್. ಈತನ ಹೆಸರನ್ನು ಕನ್ನಡನಾಡಿನ ಎಷ್ಟು ಮಂದಿ ವಿದ್ಯಾರ್ಥಿಗಳು ಕೇಳಿದ್ದಾರು? 1948ರ ಜುಲೈ 31. ಲಂಡನ್ನಿನ ಹೊರವಲಯದ ಇಲ್ಫರ್ಡಿನ ಮೈದಾನ. ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡ ಪ್ರಥಮ ಬಾರಿಗೆ ಒಲಿಂಪಿಕ್ ಕೂಟದಲ್ಲಿ ಆಡಲಿಳಿದಿತ್ತು, ಎದುರಾಳಿ ಫ್ರಾನ್ಸ್. ಭಾರತದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಬರಿಗಾಲಿನವರು. ನೋಡಲು ಬಂದ ಆಂಗ್ಲರು ಮೊದಲು ನೋಡಿದುದು ಆ ಕಾಲುಗಳನ್ನೇ ಇರಬೇಕು. ಅರ್ಧ ಗಂಟೆಯಾಗುವ ವೇಳೆಗೆ ಫ್ರಾನ್ಸ್ ಒಂದು ಗೋಲನ್ನು ಗಳಿಸಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದನು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತ ಗಳಿಸಿದ ಮೊತ್ತಮೊದಲ ಗೋಲು ಅದು; ಒದ್ದವನು ಮೈಸೂರಿನ ಆಟಗಾರ. ಆ ದಿನ ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತಿದ್ದವು. ಎರಡೂ ವ್ಯರ್ಥವಾದವು.  ಆಟ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು ಗೆದ್ದಿತು. ಒಂದೇ ಮಧ್ಯಾಹ್ನದಲ್ಲಿ ಚರಿತ್ರೆಯನ್ನೂ ಸೋಲನ್ನೂ ಸಂಪಾದಿಸಿಕೊಂಡು ರಾಮನ್ ಊರಿಗೆ ಮರಳಿದನು.

ನಾಲ್ಕು ವರ್ಷಗಳ ಅನಂತರ ಹೆಲ್ಸಿಂಕಿಯಲ್ಲಿ ಆದುದು ಬೇರೆ. ಯುಗೊಸ್ಲಾವಿಯದ ಎದುರು ಭಾರತ ಹತ್ತಕ್ಕೊಂದರಂತೆ ಸೋತಿತು. ಉತ್ತರದ ತಣ್ಣನೆಯ ನೆಲದಲ್ಲಿ ಬರಿಗಾಲಿನ ಕಲೆ ನಡೆಯಲಿಲ್ಲ. ಆ ಒಂದು ಗೋಲನ್ನು ಹೊಡೆದವನು ನಮ್ಮ ಅಹಮದ್ ಖಾನ್. ಸೋಲಿಸಿದವರಾದರೂ ಸಾಮಾನ್ಯರಲ್ಲ, ಅಂತಿಮ ಪಂದ್ಯದವರೆಗೆ ಹೋಗಿ ಹಂಗೆರಿಗೆ ಸೋತವರು. ಊರಿಗೆ ಬಂದಮೇಲೆ ದೇಶದ ಕಾಲ್ಚೆಂಡಿನ ಸಂಸ್ಥೆಯವರು ಇನ್ನು ಮುಂದೆ ಬೂಟು ಕಡ್ಡಾಯವೆಂದು ವಿಧಿಸಿದರು. ವಿಧಿ ಸರಿಯಾದುದೇ. ಆದರೆ ಬೂಟಿನ ಬೆಲೆಯನ್ನು ಯಾರು ಕೊಡಬೇಕೆಂಬುದನ್ನು ಯಾವ ವಿಧಿಯೂ ಹೇಳುವುದಿಲ್ಲ. ಬೀದಿಯ ಸಂಘಕ್ಕೆ ಬರಿಗಾಲಿನ ಆಟದ ಖರ್ಚೆಂದರೆ ಒಂದು ಚೆಂಡು. ಬೂಟಿನ ಆಟದ ಖರ್ಚೆಂದರೆ ಒಂದು ಚೆಂಡು ಮತ್ತು ಹನ್ನೊಂದು ಜೊತೆ ಬೂಟುಗಳು.

ಬೀದಿಯ ಸಂಘ ಎಂಬ ಮಾತು ಬಂದುದರಿಂದ ಅದರ ಸಂಸಾರ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ದೊಡ್ಡ ಪಂದ್ಯಗಳ ವರದಿಯಲ್ಲಿ ಈ ಭಾಗ ಬರುವುದೇ ಇಲ್ಲ. ಲೀಗ್ ಎಂದರೆ ಸೋತವನು ಅಂದೇ ಮನೆಗೆ ಹೋಗುವ ಬಟ್ಟಲಿನ ಪಂದ್ಯವಲ್ಲ. ಎಲ್ಲ ತಂಡಗಳೂ ಒಂದರೊಡನೊಂದು ಆಡಬೇಕು, ಅಂಕಗಳನ್ನು ಕೂಡಿಸಬೇಕು, ಕೊನೆಯಲ್ಲಿ ಮೇಲಿನವರು ಮೇಲಿನ ವಿಭಾಗಕ್ಕೆ ಏರುತ್ತಾರೆ, ಕೆಳಗಿನವರು ಇಳಿಯುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಬೇಕು. ಬಟ್ಟಲನ್ನು ಗೆಲ್ಲಲು ಒಂದು ವಾರದ ಶೌರ್ಯ ಸಾಕು. ಲೀಗಿನಲ್ಲಿ ಉಳಿಯಲು ಗೃಹಸ್ಥನ ತಾಳ್ಮೆ ಬೇಕು. ಪಂದ್ಯ ವಾರದ ದಿನ ಮಧ್ಯಾಹ್ನ ಬಿದ್ದರೆ ಗೋಲ್‌ಕೀಪರನಿಗೆ ಕಾರ್ಖಾನೆಯಲ್ಲಿ ರಜೆ ಸಿಕ್ಕದು. ಮುಂಚೂಣಿಯ ಹುಡುಗನಿಗೆ ಪರೀಕ್ಷೆ. ಹಾಫ್‌ಬ್ಯಾಕಿನವನ ತಂದೆ ಆಟವೆಂದರೆ ಕೆಂಡ ಕಾರುವ ಮನುಷ್ಯ. ಇವರೆಲ್ಲರ ಮನೆಬಾಗಿಲಿಗೆ ಹೋಗಿ ಬೇಡಿ, ಬೈಸಿಕೊಂಡು, ಹನ್ನೊಂದನ್ನು ಹೇಗೋ ತುಂಬಿಸಿ, ಆಟಗಾರರ ಹೆಸರುಗಳನ್ನು ನೋಂದಾಯಿಸಿ, ರೆಫರಿ ಬರೆದ ದೂರಿಗೆ ಸಮಜಾಯಿಷಿ ಕೊಟ್ಟು, ಒದ್ದೆ ಅಂಗಿಗಳನ್ನು ತನ್ನ ಮನೆಯಲ್ಲಿಯೇ ಒಗೆಸುವ ಒಬ್ಬ ಕಾರ್ಯದರ್ಶಿ ಪ್ರತಿಯೊಂದು ಸಂಘಕ್ಕೂ ಇರುತ್ತಾನೆ. ಅವನ ಹೆಸರು ಪತ್ರಿಕೆಯಲ್ಲಿ ಬಾರದು. ಸಾಮಾನ್ಯವಾಗಿ ಅವನ ಹೆಂಡತಿಗೂ ಆ ಸಂಘಕ್ಕೂ ಸವತಿಯರ ಸಂಬಂಧ. ಅವನಿಗೆ ವಯಸ್ಸಾಗಿ ಕೈಬಿಟ್ಟನೆಂದರೆ ಎರಡು ವರ್ಷದಲ್ಲಿ ಸಂಘ ಮುಚ್ಚುತ್ತದೆ. ಹಾಗೆ ಮುಚ್ಚಿಹೋದ ಸಂಘಗಳ ಕಾಗದಪತ್ರಗಳು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೊಳಗಿದ್ದು, ಮನೆ ಮಾರುವಾಗ ತೂಕಕ್ಕೆ ಹೋಗುತ್ತವೆ. ತಾಮ್ರಶಾಸನ ಸಿಕ್ಕಿದರೆ ಓಡಿಬರುವ ವಿದ್ವಾಂಸರು ಈ ಪೆಟ್ಟಿಗೆಗಳಿಗಾಗಿ ಓಡಿಬಂದುದನ್ನು ಯಾರೂ ಕಂಡಿಲ್ಲ.

ಬೀದಿಯ ಸಂಘಗಳಿಗೆ ಎದುರಾಗಿಯೂ, ಒಂದು ಬಗೆಯಲ್ಲಿ ಆಸರೆಯಾಗಿಯೂ ಬೆಳೆದವು ಕಾರ್ಖಾನೆಯ ತಂಡಗಳು. 1940ರಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ ಬೆಂಗಳೂರಿಗೆ ಬಂದವು, ಕ್ರಮೇಣ ಎಚ್.ಎ.ಎಲ್., ಐ.ಟಿ.ಐ. ಎಂಬ ಅಕ್ಷರಗಳು ಲೀಗಿನ ಪಟ್ಟಿಯ ತಲೆಯಲ್ಲಿ ಕುಳಿತವು. ಬೀದಿಯ ಸಂಘ ಬೆಳೆಸಿದ ಹುಡುಗ ಚೆನ್ನಾಗಿ ಆಡಿದರೆ ಕಾರ್ಖಾನೆಯವರು ಕೆಲಸ ಕೊಡುವರು. ಕಾಗದದ ಮೇಲೆ ಆತ ಗುಮಾಸ್ತೆಯೋ ಫಿಟ್ಟರೋ ಆಗಿರುವನು. ಲೋಕವೆಲ್ಲ ಆಗ ಹೀಗೆಯೇ ಇತ್ತು. ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೆರಿಯ ಪುಷ್ಕಾಷ್ ಕೂಡ ಹೆಸರಿಗೆ ಸೈನ್ಯದ ಅಧಿಕಾರಿ. ಆಡುತ್ತಿದ್ದುದು ಸೈನ್ಯದ ತಂಡವಾದ ಹೋನ್ವೆಡ್‌ನಲ್ಲಿ. ಹವ್ಯಾಸಿ ಎಂಬ ಶಬ್ದದೊಳಗೆ ಇಂಥ ಸಣ್ಣ ಸುಳ್ಳೊಂದು ಅಡಗಿತ್ತು. ಆದರೆ ಆ ಸುಳ್ಳು ಎಷ್ಟೋ ಮನೆಗಳಲ್ಲಿ ಒಲೆ ಉರಿಸಿತು. ಆಟ ಮುಗಿದ ಮೇಲೆಯೂ ಸಂಬಳ ನಿಲ್ಲದೆ, ಕೊನೆಗೆ ಪಿಂಚಣಿಯೂ ದೊರೆಯುವ ಕಾಲ್ಚೆಂಡು ಅದು. ಕಾಲಕ್ರಮದಲ್ಲಿ ಕಾರ್ಖಾನೆಗಳು ಕೈ ಬಿಗಿ ಹಿಡಿದವು. ದೇಶದ ಐ-ಲೀಗಿನಲ್ಲಿ ಎಚ್.ಎ.ಎಲ್. ತಂಡ ಕಾಣಿಸಿಕೊಂಡುದು 2011–12ರ ಸಾಲಿನವರೆಗೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಪೂರ್ಣವಾಗಿ ವೃತ್ತಿಯವರ ತಂಡ. ಹುಟ್ಟಿದ ವರ್ಷವೇ ಐ-ಲೀಗನ್ನು ಗೆದ್ದು, 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಆ ಮಟ್ಟಕ್ಕೇರಿದ ಭಾರತೀಯ ತಂಡಗಳಲ್ಲಿ ಅದೇ ಮೊದಲನೆಯದು. ಸಂತೋಷದ ಸಂಗತಿಯೇ. ಆದರೆ ಕಂಠೀರವ ಕ್ರೀಡಾಂಗಣದ ಹೊನಲು ಬೆಳಕು ದಂಡಿನ ಓಣಿಯ ಕಾರ್ಯದರ್ಶಿಯ ಮನೆಯವರೆಗೆ ಬೀಳುವುದಿಲ್ಲ.

ಕಂಠೀರವ ಕ್ರೀಡಾಂಗಣ ನಿಂತಿರುವುದು ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ. ಸಂಪಂಗಿ ಎಂಬುದು ಕೆರೆಯ ಹೆಸರಷ್ಟೇ ಅಲ್ಲ. ಮೈಸೂರಿನ ಒಬ್ಬ ಹಿರಿಯ ಆಟಗಾರನ ಹೆಸರೂ ಹೌದು. ಆತನ ನೆನಪಿಗೆಂದು ಮೈಸೂರು ಫುಟ್‌ಬಾಲ್ ಸಂಸ್ಥೆಯವರು ಸಂತೋಷ್ ಟ್ರೋಫಿಯ ಮೂರನೆಯ ಸ್ಥಾನಕ್ಕೆ ಸಂಪಂಗಿ ಕಪ್ಪನ್ನು ಕೊಡುಗೆಯಾಗಿತ್ತರು. ಕೆರೆಗೂ ಆಟಗಾರನಿಗೂ ನಂಟಿಲ್ಲ. ಆದರೂ ಕೆರೆ ಬತ್ತಿ, ಅದರ ಎದೆಯ ಮೇಲೆಯೇ ಚೆಂಡು ಉರುಳುತ್ತಿರುವಾಗ ಈ ಹೆಸರಿನ ಹೊಂದಿಕೆ ಮನಸ್ಸಿಗೆ ಬಾರದಿರದು.

ಸಂತೋಷ್ ಟ್ರೋಫಿ 1952–53ರಲ್ಲಿ ಮತ್ತೆ ಮೈಸೂರಿಗೆ ಬಂದಿತು. 1967–68 ಮತ್ತು 1968–69ರಲ್ಲಿ ಸತತವಾಗಿ ಎರಡು ಬಾರಿ ಬಂದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತವರು ಬಂಗಾಳದವರೇ ಎಂಬುದು ಕಲ್ಕತ್ತೆಯ ಮೇಲಿನ ಹಳೆಯ ದೂರಿಗೆ ಸಿಕ್ಕಿದ ಒಂದು ಬಗೆಯ ಉತ್ತರ. ಇತ್ತ 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯನಿದ್ದನು; 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದನು. ಮುಂದೆ ಭಾರತ ತಂಡದ ನಾಯಕನಾದ ಕಾರ್ಲ್ಟನ್ ಚಾಪ್ಮನ್ ಆಸ್ಟಿನ್ ಟೌನಿನ ಮಗ; 2020ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡನು.

ಅಹಮದ್ ಖಾನ್, ರಾಮನ್, ಕೆಂಪಯ್ಯ, ಅರುಮೈನಾಯಗಂ, ಚಾಪ್ಮನ್. ಈ ಐದು ಹೆಸರುಗಳನ್ನು ಒಂದು ಸಾಲಿನಲ್ಲಿಟ್ಟರೆ ನಮ್ಮ ಪಠ್ಯಪುಸ್ತಕಗಳು ಈ ಚರಿತ್ರೆಯನ್ನು ಏಕೆ ಮರೆತವೆಂಬುದು ತಾನಾಗಿ ತಿಳಿಯುತ್ತದೆ. ಕನ್ನಡದ ಕೀರ್ತಿಯನ್ನು ಹೊಗಳುವವರು ಕೋಟೆಯ ಪೇಟೆಯವರೆಗೆ ಬಂದು ದಂಡಿನ ಗಡಿಯಲ್ಲಿ ನಿಂತುಬಿಡುತ್ತಾರೆ. ಆಚೆಯದು ಪರಭಾಷೆಯ ಸೀಮೆಯೆಂಬ ಭಾವನೆ. ಮೈಸೂರಿನ ಅಂಗಿ ತೊಟ್ಟು ನಾಲ್ಕು ಸಲ ಬಂಗಾಳವನ್ನು ಮಣಿಸಿದವರು ಮನೆಯಲ್ಲಿ ಯಾವ ಭಾಷೆಯಲ್ಲಿ ಅನ್ನ ಕೇಳಿದರೆಂಬುದು ಅಷ್ಟು ಮುಖ್ಯವೆ? ಹಲಸೂರಿನ ಬಳಿಯ ಗೌತಮಪುರದ ಜನರಿಗೆ ಈ ಗೊಂದಲವಿಲ್ಲ. ಅವರ ಓಣಿಯಲ್ಲಿ ಅಂಬೇಡ್ಕರರ ಪ್ರತಿಮೆಯ ಜೊತೆಗೆ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯೂ ಉಂಟು. ಪೋರ್ಚುಗೀಸ್ ಮನೆಮಾತಿನ ಕರಿಯ ಹುಡುಗನೊಬ್ಬನನ್ನು ಅವರು ತಮ್ಮವನೆಂದುಕೊಂಡರು. ಬಡತನದ ಓಣಿಯಿಂದ ಬಂದು ಚೆಂಡನ್ನು ಚೆನ್ನಾಗಿ ಒದ್ದನೆಂಬುದಷ್ಟೇ ಅವರಿಗೆ ಸಾಕಾಯಿತು.

ಐವತ್ತನಾಲ್ಕು ವರ್ಷಗಳ ಅನಂತರ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಕರ್ನಾಟಕ ಮೇಘಾಲಯವನ್ನು ಮೂರಕ್ಕೆರಡು ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. ಹೆಸರುಗಳನ್ನು ಕೇಳಿ ಹುಬ್ಬೇರಿಸುವವರು 1946ರ ಮೈಸೂರನ್ನು ನೆನೆಯಬೇಕು. ಅಂದು ದಂಡಿನ ಕೂಲಿ ಜನರನ್ನು ಕರೆತಂದಿತ್ತು. ಇಂದು ಈ ನಗರ ಮತ್ತೂ ದೂರದಿಂದ ಕರೆತರುತ್ತಿದೆ. ಬಂದವರ ಕಾಲಿಗೆ ಇಲ್ಲಿಯ ಮಣ್ಣು ಅಂಟುತ್ತಿದೆ.

ಇಷ್ಟೆಲ್ಲ ಬಯಲುಸೀಮೆಯ ಕಥೆಯಾಯಿತು. ಮಲೆನಾಡಿಗೆ ಇದರಲ್ಲಿ ಪಾಲು ಸಿಕ್ಕದಿರುವುದು ಹೊಟ್ಟೆಕಿಚ್ಚಿನ ವಿಷಯವೇನಲ್ಲ. ಆದರೆ ಯೋಚನೆಯ ವಿಷಯ. ಕಾಫಿಯ ಸೀಮೆಯೇ ಆದ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು ಕರಡ ಗ್ರಾಮದಲ್ಲಿ ಮನೆತನಗಳ ನಡುವೆ ಹಾಕಿ ಪಂದ್ಯಗಳನ್ನು ಪ್ರಾರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಒಂದು ಜನಾಂಗದ ಹಬ್ಬವಾಗಿ ಬೆಳೆಯಿತು. ಗುಡ್ಡದ ನೆಲದಲ್ಲಿ ಆಟ ಬೇರೂರದೆಂಬ ವಾದಕ್ಕೆ ಇದೊಂದೇ ಉತ್ತರ ಸಾಕು. ಅಲ್ಲಿಯೂ ಒಂದೊಂದು ಮೈದಾನವೆಂದರೆ ಅಷ್ಟೇ ಕಾಫಿಗಿಡಗಳು.

ಹೊರನಾಡಿನ ಕಡೆಯ ಶಾಲೆಯಂಗಳಗಳಲ್ಲಿ ಮಳೆಗಾಲದ ಆಟಕ್ಕೆ ಒಂದು ವಿಶೇಷವುಂಟು. ಎರಡು ಪಕ್ಷಗಳನ್ನು ಮಾಡಿಕೊಂಡಮೇಲೆ ಹುಡುಗರು ಇನ್ನೊಬ್ಬನನ್ನು ಅಂಗಳದ ಅಂಚಿನಲ್ಲಿ, ಇಳಿಜಾರಿನ ತಲೆಯಲ್ಲಿ ನಿಲ್ಲಿಸುತ್ತಾರೆ. ಅವನು ಯಾವ ಪಕ್ಷಕ್ಕೂ ಸೇರಿದವನಲ್ಲ. ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕವನು. ಚೆಂಡು ಅಂಚನ್ನು ದಾಟಿ ಕಾಫಿಗಿಡಗಳ ನಡುವೆ ಉರುಳಿ, ಅಡಕೆ ತೋಟವನ್ನು ಹೊಕ್ಕು, ಹಳ್ಳದ ಕಡೆಗೆ ಓಡಿದರೆ ಅದನ್ನು ಅಡ್ಡಗಟ್ಟಿ ತರುವುದು ಅವನ ಕೆಲಸ. ತಂದಮೇಲೆ ಒಂದು ಸಲ ತನ್ನಿಷ್ಟದಂತೆ ಅದನ್ನು ಒಳಕ್ಕೆ ಒದೆಯುವ ಹಕ್ಕು ಅವನದು. ಇಂಬಳಗಳನ್ನು ಕಿತ್ತೊಗೆದು, ಚೆಂಡನ್ನು ಕೆಸರಿನ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಬರಿಗಾಲಿನಲ್ಲಿ ಓಡಿಬಂದು ಅವನು ಅದನ್ನು ಒದೆಯುತ್ತಾನೆ.